ಸೂಕ್ಷ್ಮಜೀವಿಗಳ ವೈವಿಧ್ಯ: ಪಟ್ಟಿಯೋ, ಅಳತೆಯೋ?

‘ಸೂಕ್ಷ್ಮಜೀವಿಗಳ ವೈವಿಧ್ಯವನ್ನು ಕುರಿತು ಟಿಪ್ಪಣಿ ಬರೆಯಿರಿ.’ ಪದವಿ ಮತ್ತು ಸ್ನಾತಕೋತ್ತರ ತರಗತಿಗಳ ಪ್ರಶ್ನೆಪತ್ರಿಕೆಗಳಲ್ಲಿ ಇಂಥ ಪ್ರಶ್ನೆ ಹೊಸದಲ್ಲ. ಅದಕ್ಕೆ ಉತ್ತರವೂ ಸಿದ್ಧವಾಗಿಯೇ ಇರುತ್ತದೆ. ವಿಟೇಕರ್ 1969ರಲ್ಲಿ ಮುಂದಿಟ್ಟ ಐದು ಸಾಮ್ರಾಜ್ಯಗಳು. ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲಿ ಆರ್‌ಎನ್‌ಎ ಹೋಲಿಕೆಯ ಮೂಲಕ ಬೇರೆಯೆಂದು ತೋರಿಸಿದ ಆರ್ಕಿಯ ಗುಂಪು. ದುಂಡು, ಕೋಲು, ಸುರುಳಿ ಆಕಾರದ ಬ್ಯಾಕ್ಟೀರಿಯಗಳು. ಶಿಲೀಂಧ್ರ, ಶೈವಲ, ಪ್ರೋಟೊಜೋವ, ವೈರಸ್. ಒಂದೊಂದಕ್ಕೂ ಎರಡೆರಡು ಉದಾಹರಣೆ ಕೊಟ್ಟರೆ ವಿದ್ಯಾರ್ಥಿಗೆ ಪೂರ್ಣ ಅಂಕಗಳು.

ಈಗ ಅದೇ ವಿದ್ಯಾರ್ಥಿಗೆ ಇನ್ನೊಂದು ಪ್ರಶ್ನೆ ಹಾಕಿ ನೋಡಿ. ‘ನಿಮ್ಮ ಕಾಲೇಜಿನ ಹಿಂದಿನ ತೋಡಿನಲ್ಲಿ ಎಷ್ಟು ಬಗೆಯ ಶಿಲೀಂಧ್ರಗಳಿವೆ? ಅಷ್ಟೇ ಇವೆ ಎಂದು ಹೇಗೆ ಗೊತ್ತು? ಕಳೆದ ವರ್ಷಕ್ಕಿಂತ ಈ ವರ್ಷ ಹೆಚ್ಚಿವೆಯೋ, ಕಡಿಮೆಯೋ?’ ಸಾಮಾನ್ಯವಾಗಿ ಉತ್ತರ ಬರುವುದಿಲ್ಲ. ಇದು ವಿದ್ಯಾರ್ಥಿಯ ದೋಷವಲ್ಲ. ವೈವಿಧ್ಯವೆಂದರೆ ಬಾಯಿಪಾಠ ಮಾಡಬೇಕಾದ ಹೆಸರುಗಳ ಪಟ್ಟಿ ಎಂದು ನಾವು ಅವನಿಗೆ ಕಲಿಸಿದ್ದೇವೆ. ಅದೊಂದು ಅಳೆಯಬಹುದಾದ ಪರಿಮಾಣ, ಆ ಅಳತೆಗೊಂದು ಉಪಕರಣವಿದೆ, ಉಪಕರಣಕ್ಕೊಂದು ಮಿತಿಯಿದೆ, ಫಲಿತಾಂಶದಲ್ಲಿ ದೋಷದ ಪಾಲಿದೆ ಎಂಬುದನ್ನು ಕಲಿಸಿಲ್ಲ. ಈ ಲೇಖನದ ಆಕ್ಷೇಪಣೆ ಇಷ್ಟೆ.

ಭೌತವಿಜ್ಞಾನದ ಅಧ್ಯಾಪಕನೊಬ್ಬ ಜೀವವಿಜ್ಞಾನದ ಪಾಠವನ್ನು ವಿಮರ್ಶಿಸುವುದು ಕೆಲವರಿಗೆ ಅಧಿಕಪ್ರಸಂಗವೆನಿಸಬಹುದು. ಆದರೆ ಅಳತೆ ಎಂಬುದು ಯಾವ ಒಂದು ವಿಭಾಗದ ಆಸ್ತಿಯೂ ಅಲ್ಲ. ನಮ್ಮ ಪ್ರಯೋಗಾಲಯದಲ್ಲಿ ಲೋಲಕದ ಆವರ್ತಕಾಲವನ್ನು ಒಮ್ಮೆ ಮಾತ್ರ ಅಳೆದು ತಂದವನ ರೆಕಾರ್ಡ್ ಪುಸ್ತಕಕ್ಕೆ ಯಾರೂ ಸಹಿ ಹಾಕುವುದಿಲ್ಲ. ಹಾಗಿರುವಾಗ ಒಂದೇ ಪೆಟ್ರಿ ತಟ್ಟೆಯ ಮೇಲೆ ಬೆಳೆದ ನಾಲ್ಕು ಕಾಲನಿಗಳನ್ನು ನೋಡಿ ‘ಮಣ್ಣಿನ ಸೂಕ್ಷ್ಮಜೀವಿ ವೈವಿಧ್ಯ’ ಎಂದು ಬರೆದ ಪುಟಕ್ಕೆ ಸಹಿ ಬೀಳುವುದು ಹೇಗೆ?

ಕೊಣಾಜೆಯ ತೋಡು ಕಲಿಸುವುದೇನು?

ಮಂಗಳೂರಿನವರು ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ಮಂಗಳೂರು ವಿಶ್ವವಿದ್ಯಾನಿಲಯ 1980ರಲ್ಲಿ ಸ್ಥಾಪನೆಯಾಯಿತು. ಅದರ ಆವರಣ ಮಂಗಳಗಂಗೋತ್ರಿ ಇರುವುದು ಕೊಣಾಜೆಯಲ್ಲಿ. ಅಲ್ಲಿನ ಜೀವವಿಜ್ಞಾನ ವಿಭಾಗದ ಕೆ.ಆರ್. ಶ್ರೀಧರ್ ಮತ್ತು ಮುಂದೆ ಕುಲಪತಿಯೂ ಆದ ಕೆ.ಎಂ. ಕಾವೇರಿಯಪ್ಪ ಅವರು 1984ರಲ್ಲಿ ‘ಹೈಡ್ರೊಬಯಾಲಜಿಯ’ ಎಂಬ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಕೊಣಾಜೆಯ ತೊರೆಯಲ್ಲಿ ನೀರಿನ ಮೂಲಕ ಹರಡುವ ಶಿಲೀಂಧ್ರಗಳು ಋತುವಿನಿಂದ ಋತುವಿಗೆ ಹೇಗೆ ಕಂಡುಬರುತ್ತವೆ ಎಂಬುದು ಅದರ ವಿಷಯ.

ಇವು ಎಂಥ ಶಿಲೀಂಧ್ರಗಳು? ಇಂಗ್ಲೆಂಡಿನ ಸಿ.ಟಿ. ಇಂಗೋಲ್ಡ್ (1905–2010) ಲೆಸ್ಟರ್ ಬಳಿಯ ಒಂದು ಸಣ್ಣ ತೊರೆಯಲ್ಲಿ ಕೊಳೆಯುತ್ತಿದ್ದ ಆಲ್ಡರ್ ಮರದ ಎಲೆಗಳ ಮೇಲೆ ಇವನ್ನು ಗುರುತಿಸಿ 1942ರಲ್ಲಿ ವಿವರಿಸಿದರು. ಆದ್ದರಿಂದ ಇವುಗಳಿಗೆ ‘ಇಂಗೋಲ್ಡ್ ಶಿಲೀಂಧ್ರಗಳು’ ಎಂಬ ಹೆಸರೂ ಇದೆ. ಈವರೆಗೆ 300ಕ್ಕೂ ಹೆಚ್ಚು ಪ್ರಭೇದಗಳನ್ನು ವಿವರಿಸಲಾಗಿದೆ. ದಡದ ಮರಗಳಿಂದ ಉದುರಿದ ಎಲೆ ನೀರಿಗೆ ಬಿದ್ದೊಡನೆ ಇವು ಅದರ ಮೇಲೆ ನೆಲೆಯೂರಿ ಅದನ್ನು ಮೆತ್ತಗಾಗಿಸುತ್ತವೆ. ಶಿಲೀಂಧ್ರ ಬೆಳೆದ ಎಲೆಯನ್ನು ನೀರಿನ ಹುಳುಗಳು ತಿನ್ನುತ್ತವೆ, ಹುಳುಗಳನ್ನು ಮೀನು ತಿನ್ನುತ್ತದೆ. ಮರಗಳ ನೆರಳಿನಲ್ಲಿ ಹರಿಯುವ ತೋಡಿನಲ್ಲಿ ಬಿಸಿಲು ಕಡಿಮೆ; ಪಾಚಿಯಿಂದ ಸಿಗುವ ಆಹಾರವೂ ಕಡಿಮೆ. ಅಲ್ಲಿನ ಬದುಕು ಬಹುಮಟ್ಟಿಗೆ ಉದುರಿದ ಎಲೆಯನ್ನೇ ಅವಲಂಬಿಸಿದೆ. ಆ ಎಲೆಯನ್ನು ಆಹಾರವಾಗಿ ಮಾಡುವ ಮೊದಲ ಕೆಲಸಗಾರರು ಈ ಶಿಲೀಂಧ್ರಗಳು.

ಇವುಗಳ ಬೀಜಕಗಳ ಆಕಾರ ಮಾತ್ರ ಅಪೂರ್ವವಾದದ್ದು. ಭೂಮಿಯ ಮೇಲಿನ ಬೂಷ್ಟುಗಳ ಬೀಜಕ ಹೆಚ್ಚಾಗಿ ದುಂಡು ಅಥವಾ ಮೊಟ್ಟೆಯಾಕಾರ. ಇಲ್ಲಿಯಾದರೋ ಒಂದೇ ಬಿಂದುವಿನಿಂದ ನಾಲ್ಕು ದಿಕ್ಕಿಗೆ ಚಾಚಿದ ತೋಳುಗಳು, ಇಲ್ಲವೆ ಉದ್ದನೆಯ ಬಾಗಿದ ಎಳೆ. ನಮ್ಮ ಕಡೆಯ ತೊರೆಗಳಲ್ಲಿ ಕಾಣುವ ಟ್ರೈಸೆಲೊಫೊರಸ್ ಮೊದಲ ಬಗೆಯದು; ಎಳೆಚಂದ್ರನಂತೆ ಬಾಗಿದ ಲೂನುಲೊಸ್ಪೊರ ಎರಡನೆಯ ಬಗೆಯದು. ಹಲವು ಪ್ರಭೇದಗಳಲ್ಲಿ ತೋಳಿನ ತುದಿಯಿಂದ ತುದಿಗೆ 50ರಿಂದ 100 ಮೈಕ್ರೋಮೀಟರ್. ಸಾಧಾರಣ ಕಾಲೇಜು ಮೈಕ್ರೊಸ್ಕೋಪಿನಲ್ಲಿ ಇವು ಸ್ಪಷ್ಟವಾಗಿ ಕಾಣುತ್ತವೆ. ಆಕಾರದಿಂದಲೇ ಎಷ್ಟೋ ಪ್ರಭೇದಗಳನ್ನು ಹೆಸರಿಸಬಹುದು. ಬ್ಯಾಕ್ಟೀರಿಯಗಳಲ್ಲಿ ಈ ಸೌಲಭ್ಯವಿಲ್ಲ.

ಈ ಆಕಾರವೇಕೆ ಎಂಬ ಪ್ರಶ್ನೆಗೆ ಭೌತವಿಜ್ಞಾನವೂ ಉತ್ತರ ಹೇಳಬಲ್ಲದು. 20 ಮೈಕ್ರೋಮೀಟರ್ ವ್ಯಾಸದ ದುಂಡು ಬೀಜಕವೊಂದನ್ನು ಊಹಿಸಿಕೊಳ್ಳಿ. ಅದರ ಸಾಂದ್ರತೆ ನೀರಿಗಿಂತ ಘನಮೀಟರಿಗೆ 100 ಕಿಲೋಗ್ರಾಂ ಹೆಚ್ಚಿರಲಿ. ಸ್ಟೋಕ್ಸ್ ನಿಯಮದಂತೆ ಲೆಕ್ಕ ಹಾಕಿದರೆ ಅದು ನಿಂತ ನೀರಿನಲ್ಲಿ ಸೆಕೆಂಡಿಗೆ ಸುಮಾರು 0.02 ಮಿಲಿಮೀಟರ್ ವೇಗದಲ್ಲಿ ಕೆಳಗಿಳಿಯುತ್ತದೆ. 20 ಸೆಂಟಿಮೀಟರ್ ಆಳದ ನೀರಿನ ತಳ ಮುಟ್ಟಲು ಅದಕ್ಕೆ ಎರಡೂವರೆ ಗಂಟೆ ಬೇಕು. ಅಷ್ಟರಲ್ಲಿ, ಸೆಕೆಂಡಿಗೆ 30 ಸೆಂಟಿಮೀಟರ್ ವೇಗದಲ್ಲಿ ಹರಿಯುವ ತೋಡು ಅದನ್ನು ಎರಡೂವರೆ ಕಿಲೋಮೀಟರಿಗೂ ಆಚೆ ಒಯ್ದಿರುತ್ತದೆ. ಅಂದರೆ ಹರಿಯುವ ನೀರಿನಲ್ಲಿ ‘ಕೆಳಗೆ ಬಿದ್ದು ನೆಲೆಸುವುದು’ ಎಂಬುದು ಕೆಲಸಕ್ಕೆ ಬಾರದ ಉಪಾಯ. ಬೀಜಕ ಎಲೆಗೆ ತಗುಲಬೇಕು, ತಗುಲಿದೊಡನೆ ನಿಲ್ಲಬೇಕು. ನಾಲ್ಕು ತೋಳಿನ ಬೀಜಕ ಮೂರು ತುದಿಗಳ ಮೇಲೆ ಊರಿ ನಿಲ್ಲುತ್ತದೆ. ಸ್ಪೆಕ್ಟ್ರೋಮೀಟರಿನ ಅಡಿಯಲ್ಲಿ ಮೂರು ತಿರುಪುಗಳೇಕೆ ಇವೆಯೋ ಅದೇ ಕಾರಣ: ಮೂರು ಬಿಂದುಗಳ ಮೇಲೆ ನಿಂತದ್ದು ಎಂಥ ಉಬ್ಬುತಗ್ಗಿನ ಮೇಲೂ ಅಲುಗಾಡುವುದಿಲ್ಲ. ಜೆ. ವೆಬ್‌ಸ್ಟರ್ 1959ರಲ್ಲಿ ಪ್ರಯೋಗ ಮಾಡಿ, ಹರಿವ ನೀರಿನಲ್ಲಿ ಅಡ್ಡಬಂದ ವಸ್ತುವಿಗೆ ಸಿಕ್ಕಿಕೊಳ್ಳುವುದರಲ್ಲಿ ಚತುರ್ಭುಜ ಬೀಜಕಗಳು ಮುಂದು ಎಂದು ತೋರಿಸಿದರು.

ಇದೇ ಗುಣದಿಂದ ಅವು ನೊರೆಯಲ್ಲಿಯೂ ಸಿಕ್ಕಿಕೊಳ್ಳುತ್ತವೆ. ಮಳೆಗಾಲದಲ್ಲಿ ತೋಡಿನ ನೀರು ಕಲ್ಲಿಗೆ ಬಡಿದು ಧುಮುಕುವ ಕಡೆ ಕಂದುಬಣ್ಣದ ನೊರೆ ಕಟ್ಟಿರುವುದನ್ನು ಎಲ್ಲರೂ ನೋಡಿರುತ್ತಾರೆ. ಮೇಲೇಳುವ ಗುಳ್ಳೆಗಳು ಬೀಜಕಗಳನ್ನು ಹಿಡಿದು ಮೇಲಕ್ಕೆ ತರುತ್ತವೆ. ನೊರೆ ಎಂದರೆ ಪ್ರಕೃತಿಯೇ ಸೋಸಿ ಇಟ್ಟ ಮಾದರಿ. ಒಂದು ಬಾಟಲಿಯಲ್ಲಿ ಅದನ್ನು ತುಂಬಿಕೊಂಡು ಬಂದು, ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ನೋಡಿದರೆ ಸಾಕು. ಪಠ್ಯಪುಸ್ತಕ ಹೇಳದ ವೈವಿಧ್ಯ ಕಣ್ಣೆದುರಿಗಿರುತ್ತದೆ.

1984ರ ಪ್ರಬಂಧದ ಶೀರ್ಷಿಕೆಯಲ್ಲಿ ‘ಋತು’ ಎಂಬ ಮಾತಿದೆ. ಒಂದು ದಿನ ಹೋಗಿ ನೋಡಿ ಬಂದದ್ದಲ್ಲ. ಮತ್ತೆ ಮತ್ತೆ ಹೋಗಿ, ಒಂದೇ ಕ್ರಮದಲ್ಲಿ ನೋಡಿದ್ದು. ಪಟ್ಟಿಯನ್ನು ಅಳತೆಯಾಗಿ ಮಾಡುವುದು ಈ ಪುನರಾವರ್ತನೆಯೇ.

ಎಣಿಸದೆ ವೈವಿಧ್ಯವಿಲ್ಲ

ಪಟ್ಟಿಗೂ ಅಳತೆಗೂ ಇರುವ ವ್ಯತ್ಯಾಸವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಇದು ಕಾಲ್ಪನಿಕ ಉದಾಹರಣೆ. ಎರಡು ತೋಡುಗಳ ನೊರೆಯಿಂದ ತಲಾ 100 ಬೀಜಕಗಳನ್ನು ಎಣಿಸಿದ್ದೇವೆ ಎಂದುಕೊಳ್ಳಿ. ಎರಡರಲ್ಲೂ ಐದೈದು ಪ್ರಭೇದಗಳು ಸಿಕ್ಕಿವೆ. ಮೊದಲ ತೋಡಿನಲ್ಲಿ ಒಂದೊಂದು ಪ್ರಭೇದದ 20 ಬೀಜಕಗಳು. ಎರಡನೆಯದರಲ್ಲಿ ಒಂದೇ ಪ್ರಭೇದದ 96, ಉಳಿದ ನಾಲ್ಕರದು ಒಂದೊಂದು. ಪಟ್ಟಿ ಬರೆದರೆ ಎರಡೂ ಸಮ: ಐದು ಹೆಸರುಗಳು. ಆದರೆ ಎರಡೂ ತೋಡುಗಳು ಒಂದೇ ಬಗೆಯವೆಂದು ಯಾರಾದರೂ ಒಪ್ಪುತ್ತಾರೆಯೆ?

ಇಲ್ಲಿ ನೆರವಿಗೆ ಬರುವುದು ಕ್ಲಾಡ್ ಶ್ಯಾನನ್ 1948ರಲ್ಲಿ ಮಾಹಿತಿ ಸಿದ್ಧಾಂತಕ್ಕಾಗಿ ಕೊಟ್ಟ ಸೂತ್ರ. ಪ್ರತಿಯೊಂದು ಪ್ರಭೇದದ ಪಾಲನ್ನು ಅದರದೇ ಸ್ವಾಭಾವಿಕ ಲಾಗರಿತಮ್ಮಿನಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಚಿಹ್ನೆ ಬದಲಿಸಬೇಕು. ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದರ ಗುರುತು ತಕ್ಷಣ ಸಿಗುತ್ತದೆ. ಸಾಂಖ್ಯಿಕ ಭೌತವಿಜ್ಞಾನದಲ್ಲಿ ಬೋಲ್ಟ್ಸ್‌ಮನ್ ಮತ್ತು ಗಿಬ್ಸ್ ಕೊಟ್ಟ ಎಂಟ್ರೊಪಿಯ ರೂಪವೇ ಇದು. ಮೊದಲ ತೋಡಿಗೆ ಈ ಸೂಚ್ಯಂಕ 1.61, ಎರಡನೆಯದಕ್ಕೆ 0.22. ಇದನ್ನು ಘಾತಾಂಕವಾಗಿಟ್ಟು e ಎಂಬ ಸಂಖ್ಯೆಯ ಘಾತ ತೆಗೆದರೆ ಅರ್ಥ ಇನ್ನೂ ತಿಳಿಯಾಗುತ್ತದೆ. ಮೊದಲನೆಯದರಲ್ಲಿ ‘ಪರಿಣಾಮಕಾರಿ’ ಪ್ರಭೇದಗಳು 5, ಎರಡನೆಯದರಲ್ಲಿ 1.25. ಹೆಸರು ಐದಾದರೂ ಎರಡನೆಯ ತೋಡು ಹೆಚ್ಚುಕಡಿಮೆ ಒಂದೇ ಪ್ರಭೇದದ ತೋಡು.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಎರಡನೆಯ ತೋಡಿನ ಅದೇ 100 ಬೀಜಕಗಳಲ್ಲಿ ವಿದ್ಯಾರ್ಥಿಯೊಬ್ಬ ಬೇಸರಪಟ್ಟು 25ನ್ನು ಮಾತ್ರ ಎಣಿಸಿದನೆನ್ನಿ. ಒಂದೊಂದು ಅಪರೂಪದ ಪ್ರಭೇದ ಅವನ ಕಣ್ಣಿಗೆ ಬೀಳುವ ಸಂಭಾವ್ಯತೆ ಕಾಲು ಭಾಗ. ಅಂಥವು ನಾಲ್ಕು ಇರುವುದರಿಂದ ಸರಾಸರಿ ಒಂದು ಸಿಗುತ್ತದೆ. ಹೇರಳವಾಗಿರುವುದನ್ನೂ ಸೇರಿಸಿದರೆ ಅವನ ಲೆಕ್ಕದಲ್ಲಿ ಎರಡೇ ಪ್ರಭೇದ. ಮೊದಲ ತೋಡಿನಲ್ಲಾದರೆ 25 ಎಣಿಸಿದವನಿಗೂ ಬಹುಮಟ್ಟಿಗೆ ಐದೂ ಸಿಗುತ್ತವೆ. ಆದ್ದರಿಂದ ‘ಎಷ್ಟು ಪ್ರಭೇದ’ ಎಂಬ ಪ್ರಶ್ನೆಗೆ ‘ಎಷ್ಟು ಎಣಿಸಿದಾಗ’ ಎಂಬ ಮರುಪ್ರಶ್ನೆ ಇರಲೇಬೇಕು. ಎಣಿಸಿದ ಸಂಖ್ಯೆಯನ್ನು ಹೇಳದ ಪ್ರಭೇದಗಳ ಸಂಖ್ಯೆ, ಏಕಮಾನವಿಲ್ಲದ ಉದ್ದದಂತೆ.

ಉಪಕರಣ ಬದಲಾದರೆ ಉತ್ತರವೂ ಬದಲು

ನಮ್ಮ ಕಾಲೇಜುಗಳಲ್ಲಿ ಸೂಕ್ಷ್ಮಜೀವಿಗಳನ್ನು ಅಳೆಯುವ ಪ್ರಮುಖ ಉಪಕರಣ ಅಗಾರ್ ತಟ್ಟೆ. ಜೇಮ್ಸ್ ಸ್ಟೇಲಿ ಮತ್ತು ಆಲನ್ ಕೊನೊಪ್ಕ 1985ರಲ್ಲಿ ಎತ್ತಿ ತೋರಿಸಿದಂತೆ, ಮೈಕ್ರೊಸ್ಕೋಪಿನಲ್ಲಿ ಕಾಣುವ ಬ್ಯಾಕ್ಟೀರಿಯಗಳಲ್ಲಿ ತಟ್ಟೆಯ ಮೇಲೆ ಬೆಳೆಯುವುದು ಬಹಳ ಸಣ್ಣ ಪಾಲು. ಅನೇಕ ಪರಿಸರಗಳಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಕೊಣಾಜೆಯ ಶಿಲೀಂಧ್ರಗಳ ಕಥೆಯೂ ಅಷ್ಟೆ. ಗಾಳಿಯಾಡುವ ನೀರಿನಲ್ಲಿ ಮುಳುಗಿಸದೆ ಅವುಗಳಲ್ಲಿ ಹೆಚ್ಚಿನವು ಬೀಜಕ ಬಿಡುವುದಿಲ್ಲ. ಎಲೆಯನ್ನು ತಂದು ತಟ್ಟೆಯ ಮೇಲಿಟ್ಟವನಿಗೆ ಸಿಗುವುದು ಬೇಗ ಬೆಳೆಯುವ ಸಾಮಾನ್ಯ ಬೂಷ್ಟು. ತಟ್ಟೆಯಲ್ಲಿ ಕಾಣದ್ದು ತೋಡಿನಲ್ಲಿ ಇಲ್ಲ ಎಂದಲ್ಲ.

ಹಾಗಾದರೆ ಡಿಎನ್‌ಎಯನ್ನೇ ನೇರವಾಗಿ ಅಳೆಯಬಾರದೆ? ನಾರ್ವೆಯ ವಿಗ್ದಿಸ್ ಟೋರ್ಸ್‌ವಿಕ್ ಮತ್ತು ಸಂಗಡಿಗರು 1990ರಲ್ಲಿ ಅದನ್ನು ಮಾಡಿದರು. ಕಾಡಿನ ಮಣ್ಣಿನಿಂದ ಬ್ಯಾಕ್ಟೀರಿಯಗಳ ಡಿಎನ್‌ಎ ತೆಗೆದು, ಕಾಯಿಸಿ ಎಳೆಗಳನ್ನು ಬೇರ್ಪಡಿಸಿ, ಅವು ಮತ್ತೆ ಜೊತೆಗೂಡಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆದರು. ತರತರದ ಎಳೆಗಳಿದ್ದಷ್ಟೂ ತನ್ನ ಜೊತೆಯನ್ನು ಹುಡುಕಿಕೊಳ್ಳುವುದು ನಿಧಾನ. ಸಿಕ್ಕ ಉತ್ತರ: ಸುಮಾರು 4,000 ಬಗೆಯ ಜೀನೋಮುಗಳು. ಅದೇ ಮಣ್ಣಿನಿಂದ ತಟ್ಟೆಯ ಮೇಲೆ ಬೆಳೆಸಿದ ಬ್ಯಾಕ್ಟೀರಿಯಗಳ ವೈವಿಧ್ಯಕ್ಕಿಂತ ಇದು ಸುಮಾರು 200 ಪಟ್ಟು ಹೆಚ್ಚು. ಆದರೆ 2005ರಲ್ಲಿ ಅಮೆರಿಕದ ತಂಡವೊಂದು ಇದೇ ಬಗೆಯ ದತ್ತಾಂಶವನ್ನು ಬೇರೆ ಗಣಿತದಿಂದ ವಿಶ್ಲೇಷಿಸಿ, ಶುದ್ಧ ಮಣ್ಣಿನಲ್ಲಿ ಹತ್ತು ಲಕ್ಷ ಬಗೆಗಳಿರಬಹುದೆಂದಿತು. ಮರುವರ್ಷವೇ ಆ ಲೆಕ್ಕಕ್ಕೂ ಆಕ್ಷೇಪಣೆಗಳು ಬಂದವು. ಅಪರೂಪದ ಪ್ರಭೇದಗಳು ಹೇಗೆ ಹಂಚಿಹೋಗಿವೆ ಎಂಬ ಊಹೆ ಬದಲಾದೊಡನೆ ಸಂಖ್ಯೆ ನೂರಾರು ಪಟ್ಟು ಏರಿಳಿಯಿತು.

ಇಡೀ ಭೂಮಿಯ ಲೆಕ್ಕದಲ್ಲೂ ಇದೇ ಸ್ಥಿತಿ. 2016ರಲ್ಲಿ ಕೆನೆತ್ ಲೋಸಿ ಮತ್ತು ಜೇ ಲೆನನ್ ಭೂಮಿಯಲ್ಲಿ ಒಂದು ಲಕ್ಷ ಕೋಟಿಯಷ್ಟು ಸೂಕ್ಷ್ಮಜೀವಿ ಪ್ರಭೇದಗಳಿರಬಹುದೆಂದು ಅಂದಾಜಿಸಿದರು. 2019ರಲ್ಲಿ ಸ್ಟಿಲಿಯಾನೋಸ್ ಲೂಕಾ ಮತ್ತು ಸಂಗಡಿಗರು ಬ್ಯಾಕ್ಟೀರಿಯ ಹಾಗೂ ಆರ್ಕಿಯಗಳನ್ನು ಸೇರಿಸಿ 8 ಲಕ್ಷದಿಂದ 16 ಲಕ್ಷ ಬಗೆಗಳು ಮಾತ್ರ ಎಂದರು. ಎರಡೂ ಅಂದಾಜುಗಳು ಒಂದೇ ವಸ್ತುವನ್ನು ಎಣಿಸಿದವಲ್ಲ, ‘ಬಗೆ’ ಎಂಬುದರ ವ್ಯಾಖ್ಯೆಯೂ ಒಂದೇ ಅಲ್ಲ. ಆದರೂ ನಡುವಿನ ಅಂತರ ಸುಮಾರು ಹತ್ತು ಲಕ್ಷ ಪಟ್ಟು! ಈ ಎರಡು ಸಂಖ್ಯೆಗಳಲ್ಲಿ ಒಂದನ್ನು ಪಠ್ಯದಲ್ಲಿ ಅಚ್ಚುಹಾಕಿ ಬಾಯಿಪಾಠ ಮಾಡಿಸುವುದಕ್ಕಿಂತ, ಎರಡನ್ನೂ ಕೊಟ್ಟು ಏಕೆ ಭಿನ್ನ ಎಂದು ಕೇಳುವುದು ಒಳ್ಳೆಯ ಪಾಠ.

ಇಂದು ಬ್ಯಾಕ್ಟೀರಿಯಗಳಿಗೆ 16ಎಸ್ ಆರ್‌ಆರ್‌ಎನ್‌ಎ ಜೀನ್, ಶಿಲೀಂಧ್ರಗಳಿಗೆ ಐಟಿಎಸ್ ಎಂಬ ಡಿಎನ್‌ಎ ತುಣುಕು ಗುರುತಿನ ಚೀಟಿಗಳಾಗಿವೆ. ಇವು ಅಮೂಲ್ಯವಾದ ಸಾಧನಗಳು. ಹಾಗೆಂದು ಅವು ದೋಷರಹಿತವಲ್ಲ. ಒಂದು ಬ್ಯಾಕ್ಟೀರಿಯದಲ್ಲಿ ಆ ಜೀನಿನ ಒಂದೇ ಪ್ರತಿ ಇರಬಹುದು, ಇನ್ನೊಂದರಲ್ಲಿ ಹತ್ತಕ್ಕೂ ಹೆಚ್ಚು. ನೂರಕ್ಕೆ 97ರಷ್ಟು ಹೋಲಿಕೆಯಿದ್ದರೆ ಒಂದೇ ಬಗೆ ಎನ್ನುವುದು ಅನುಕೂಲಕ್ಕಾಗಿ ಮಾಡಿಕೊಂಡ ಒಪ್ಪಂದ, ಪ್ರಕೃತಿಯ ನಿಯಮವಲ್ಲ. ಡಿಎನ್‌ಎ ಸಿಕ್ಕಿತೆಂದರೆ ಆ ಜೀವಿ ಬದುಕಿ ಕೆಲಸ ಮಾಡುತ್ತಿದೆ ಎಂದೂ ಅರ್ಥವಲ್ಲ.

ಹೆಸರು ಸಾಲದು ಎಂಬುದಕ್ಕೆ ಮಂಗಳೂರಿನದೇ ಮತ್ತೊಂದು ನಿದರ್ಶನವಿದೆ. 1969ರಲ್ಲಿ ಆರಂಭವಾದ ಇಲ್ಲಿನ ಮೀನುಗಾರಿಕಾ ಕಾಲೇಜಿನಲ್ಲಿ ಇಡ್ಯ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಮತ್ತು ಅವರ ಸಂಗಡಿಗರು ಸಮುದ್ರದ ಆಹಾರದಲ್ಲಿರುವ ಬ್ಯಾಕ್ಟೀರಿಯಗಳ ಬಗ್ಗೆ ದೀರ್ಘಕಾಲ ಕೆಲಸ ಮಾಡಿದರು. ಹೊಟ್ಟೆಕೆಡಿಸುವ ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಅವುಗಳಲ್ಲೊಂದು. ನೈರುತ್ಯ ಕರಾವಳಿಯ ಎರಡು ಅಳಿವೆಗಳ ಆಯಿಸ್ಟರ್ ಸಿಂಪಿಗಳನ್ನು ಪರೀಕ್ಷಿಸಿ ಅವರ ತಂಡ 2005ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ನೂರಕ್ಕೆ ಸುಮಾರು 94 ಮಾದರಿಗಳಲ್ಲಿ ಈ ಬ್ಯಾಕ್ಟೀರಿಯ ಇತ್ತು. ಆದರೆ ರೋಗಶಕ್ತಿಯ ಗುರುತಾದ ಟಿಡಿಎಚ್ ಎಂಬ ಜೀನ್ ಇದ್ದದ್ದು ಸುಮಾರು 10ರಲ್ಲಿ. ಅದಕ್ಕೆ ಸಂಬಂಧಿಸಿದ ಟಿಆರ್‌ಎಚ್ ಜೀನ್ ಸುಮಾರು 59ರಲ್ಲಿ. ಪ್ರಭೇದದ ಹೆಸರು ಒಂದೇ. ಅಪಾಯ ಒಂದೇ ಅಲ್ಲ. ‘ಇದೆಯೋ ಇಲ್ಲವೋ’ ಎಂಬ ಪಟ್ಟಿ ಹಿಡಿದು ಕೂತವನು ಇಡೀ ಸರಕನ್ನು ಎಸೆಯಬೇಕಾದೀತು, ಇಲ್ಲವೆ ಅಪಾಯವನ್ನು ಗುರುತಿಸದೆ ಬಿಟ್ಟಾನು. ಪ್ರಭೇದದ ಒಳಗಿನ ವೈವಿಧ್ಯವೂ ವೈವಿಧ್ಯವೇ ಎಂಬುದನ್ನು ನಮ್ಮ ಟಿಪ್ಪಣಿಗಳು ಹೇಳುವುದಿಲ್ಲ.

ನೊರೆಯ ವಿಧಾನಕ್ಕೂ ವಿಮರ್ಶೆ ಬೇಕು

ಕೊಣಾಜೆಯ ಮಾದರಿಯನ್ನು ಹೊಗಳಿ ಬಿಡುವುದು ವಿಮರ್ಶೆಯಲ್ಲ. ನೊರೆಯೂ ಒಂದು ಉಪಕರಣ, ಅದಕ್ಕೂ ಪಕ್ಷಪಾತವಿದೆ. ಗುಳ್ಳೆಗಳು ಕವಲೊಡೆದ ಬೀಜಕಗಳನ್ನು ಹೆಚ್ಚು ಹಿಡಿಯುತ್ತವೆ, ಎಳೆಯಂಥವನ್ನು ಕಡಿಮೆ. ಹೀಗಾಗಿ ನೊರೆಯಲ್ಲಿನ ಪಾಲು ನೀರಿನಲ್ಲಿನ ಪಾಲಿಗೆ ಸಮವಲ್ಲ. ನೊರೆ ಎಷ್ಟು ಹೊತ್ತು ನಿಂತಿತ್ತು ಎಂಬುದೂ ತಿಳಿಯದು. ಹೀಗಾಗಿ ನೊರೆಯ ಜೊತೆಗೆ, ನೀರನ್ನು ಸೋಸಿ ನೋಡುವುದು ಮತ್ತು ಮುಳುಗಿದ ಎಲೆಗಳನ್ನು ತಂದು ಗಾಳಿಯಾಡುವ ನೀರಿನಲ್ಲಿಟ್ಟು ಬೀಜಕ ಬಿಡಿಸುವುದು, ಈ ಎರಡು ವಿಧಾನಗಳೂ ಬೇಕು. ಮೂರೂ ಒಂದೇ ಉತ್ತರ ಕೊಡುವುದಿಲ್ಲ. ಕೊಡದಿರುವುದೇ ಕಲಿಯಬೇಕಾದ ವಿಷಯ.

ಗುರುತಿಸುವಿಕೆಯ ತೊಡಕು ಇನ್ನೊಂದು. ಬೀಜಕಗಳನ್ನು ಹೆಸರಿಸಲು ಬೇಕಾದ ಕೈಪಿಡಿಗಳು ಇಂಗ್ಲಿಷಿನಲ್ಲಿವೆ. ಅವುಗಳ ತಳಹದಿ ಹೆಚ್ಚಾಗಿ ಶೀತವಲಯದ ತೊರೆಗಳು. ಪಶ್ಚಿಮಘಟ್ಟದ ತೊರೆಗಳ ಬಗ್ಗೆ ಇಷ್ಟು ವರ್ಷ ಸಂಶೋಧನೆ ನಡೆದ ಜಿಲ್ಲೆಯಲ್ಲಿ, ಪದವಿ ವಿದ್ಯಾರ್ಥಿ ಕೈಯಲ್ಲಿ ಹಿಡಿದು ತೋಡಿನ ಬಳಿಗೆ ಹೋಗಬಹುದಾದ ಸಚಿತ್ರ ಕನ್ನಡ ಕೈಪಿಡಿ ಎಲ್ಲ ಕಾಲೇಜುಗಳಲ್ಲೂ ಇರಬೇಕಿತ್ತು. ಸಂಶೋಧನೆ ವಿದೇಶಿ ಪತ್ರಿಕೆಗಳನ್ನು ಮುಟ್ಟಿದಷ್ಟು ಸುಲಭವಾಗಿ ಪಕ್ಕದ ತರಗತಿಯನ್ನು ಮುಟ್ಟುವುದಿಲ್ಲ ಎಂಬುದು ನಮ್ಮ ವಿಶ್ವವಿದ್ಯಾನಿಲಯಗಳೆಲ್ಲದರ ಹಳೆಯ ರೋಗ.

ತರಗತಿಯಲ್ಲಿ ಮಾಡಬಹುದಾದದ್ದು

ಅಧ್ಯಾಪಕ ಮಿತ್ರರು ಸಾಮಾನ್ಯವಾಗಿ ಎತ್ತುವ ಆಕ್ಷೇಪಗಳು ಮೂರು: ಹಣವಿಲ್ಲ, ಸಮಯವಿಲ್ಲ, ಗುರುತಿಸಬಲ್ಲ ತಜ್ಞರಿಲ್ಲ. ಮೂರೂ ಹುರುಳಿಲ್ಲದ ಮಾತುಗಳಲ್ಲ. ಡಿಎನ್‌ಎ ಅನುಕ್ರಮಣಿಕೆ ಎಲ್ಲ ಕಾಲೇಜುಗಳಿಗೂ ಎಟುಕುವುದಿಲ್ಲ. ಆದರೆ ನೊರೆಗೆ ಬೇಕಾದದ್ದು ಬಾಯಗಲದ ಬಾಟಲಿ, ಲ್ಯಾಕ್ಟೊಫಿನಾಲ್ ಕಾಟನ್ ಬ್ಲೂ ಎಂಬ ಸಾಮಾನ್ಯ ಬಣ್ಣ, ಮೈಕ್ರೊಸ್ಕೋಪು ಮತ್ತು ತಾಳ್ಮೆ. ಎಲೆಗಳಿಗೆ ಗಾಳಿ ಊದಲು ಮನೆಯ ಮೀನಿನ ತೊಟ್ಟಿಗೆ ಹಾಕುವ ಪಂಪು ಸಾಕು. ಒಂದೆರಡು ದಿನದಲ್ಲಿ ಬೀಜಕಗಳು ಸಿಗುತ್ತವೆ. ಕಾಲವೂ ಅನುಕೂಲವೇ. ಕರಾವಳಿಯಲ್ಲಿ ತೋಡುಗಳು ತುಂಬಿ ಹರಿಯುವುದು ಜೂನ್‌ನಿಂದ ಅಕ್ಟೋಬರ್‌ವರೆಗೆ. ತರಗತಿಗಳು ನಡೆಯುವುದೂ ಆಗಲೇ. ಬೀಜಕಗಳೂ ಮಳೆಗಾಲ ಮತ್ತು ಅದರ ಬೆನ್ನಿಗೇ ಹೆಚ್ಚು.

ತಜ್ಞರಿಲ್ಲ ಎಂಬ ತೊಡಕಿಗೂ ದಾರಿಯಿದೆ. ಆರಂಭದಲ್ಲಿ ಲ್ಯಾಟಿನ್ ಹೆಸರು ಬೇಕಾಗಿಲ್ಲ. ‘ಆಕಾರ 1’, ‘ಆಕಾರ 2’ ಎಂದು ಚಿತ್ರ ಬರೆದು ಎಣಿಸಿದರೂ ಶ್ಯಾನನ್ ಸೂಚ್ಯಂಕ ಬರುತ್ತದೆ. ಹೆಸರು ಆಮೇಲೆ ಬರಲಿ. ಒಂದೇ ಮಾದರಿಯನ್ನು ಹತ್ತು ವಿದ್ಯಾರ್ಥಿಗಳು ಬೇರೆಬೇರೆಯಾಗಿ ಎಣಿಸಲಿ. ಪ್ರತಿಯೊಬ್ಬರೂ 100 ಬೀಜಕ, ಕಡಿಮೆಯಲ್ಲ. ಹತ್ತು ಉತ್ತರಗಳ ಸರಾಸರಿ ಮತ್ತು ಮಾನಕ ವಿಚಲನೆ ತೆಗೆಯಲಿ. ಎಣಿಸಿದ ಬೀಜಕಗಳ ಸಂಖ್ಯೆಯನ್ನು ಅಡ್ಡ ಅಕ್ಷದಲ್ಲಿ, ಸಿಕ್ಕ ಬಗೆಗಳನ್ನು ನೇರ ಅಕ್ಷದಲ್ಲಿ ಇಟ್ಟು ನಕ್ಷೆ ಎಳೆಯಲಿ. ಗೆರೆ ಮಟ್ಟವಾಗುತ್ತಾ ಬಂದರೆ ಎಣಿಕೆ ಸಾಕು. ಇನ್ನೂ ಏರುತ್ತಿದ್ದರೆ ಸಾಲದು. ಹೀಗೆ ಮಾಡಿದ ವಿದ್ಯಾರ್ಥಿಗೆ ವೈವಿಧ್ಯವೆಂದರೇನೆಂದು ಮತ್ತೆ ಟಿಪ್ಪಣಿ ಬರೆಸಬೇಕಾಗಿಲ್ಲ. ಜೀವವಿಜ್ಞಾನದ ಮತ್ತು ಭೌತವಿಜ್ಞಾನದ ವಿಭಾಗಗಳು ಕೂಡಿ ಮಾಡಬಹುದಾದ ಪ್ರಯೋಗ ಇದು.

ಏಕೆ ಇಷ್ಟು ಒತ್ತಾಯ?

ಇದು ಬರಿಯ ಪಾಠಕ್ರಮದ ಜಗಳವಲ್ಲ. ದಕ್ಷಿಣ ಕನ್ನಡದ ತೋಡುಗಳು ಅಡಿಕೆ ತೋಟಗಳ ನಡುವೆ ಹರಿಯುತ್ತವೆ. ಅಡಿಕೆಗೆ ಕೊಳೆರೋಗ ತಗುಲದಂತೆ ಮಳೆಗಾಲದಲ್ಲಿ ಬೋರ್ಡೊ ದ್ರಾವಣ ಸಿಂಪಡಿಸುವುದು ನೂರು ವರ್ಷಕ್ಕೂ ಹಳೆಯ ಕ್ರಮ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅದಿಲ್ಲದೆ ಬೆಳೆ ಉಳಿಯದು, ಕೃಷಿಕರನ್ನು ದೂರುವಂತಿಲ್ಲ. ಆದರೆ ಮೈಲುತುತ್ತದಲ್ಲಿರುವುದು ತಾಮ್ರ. ನೀರಿನ ಶಿಲೀಂಧ್ರಗಳು ಬೀಜಕ ಬಿಡುವುದನ್ನು ತಾಮ್ರ ಕುಗ್ಗಿಸಬಲ್ಲದೆಂದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಮದ್ದು ಬಿಡುವ ಕಾಲವೂ ಬೀಜಕಗಳ ಕಾಲವೂ ಒಂದೇ. ಹಾಗಾದರೆ ತೋಟದ ಮೇಲಿನ ತೋಡಿಗೂ ಕೆಳಗಿನ ತೋಡಿಗೂ ವ್ಯತ್ಯಾಸವಿದೆಯೆ? ಇದ್ದರೆ ಎಷ್ಟು? ಎಲೆ ಕೊಳೆಯುವ ವೇಗ ತಗ್ಗಿದೆಯೆ? ರಬ್ಬರ್ ಎಲೆ ಬಿದ್ದ ತೋಡಿಗೂ ಹಲಸು, ಆಲದ ಎಲೆ ಬಿದ್ದ ತೋಡಿಗೂ ಭೇದವೇನು? ಕೆಂಪುಕಲ್ಲು ಕಡಿದ ಜಾಗದಿಂದ ಹರಿದು ಬರುವ ಕೆಸರು ಏನು ಮಾಡುತ್ತದೆ?

ಇವು ಪದವಿ ವಿದ್ಯಾರ್ಥಿಗಳು ಕೈಹಾಕಬಹುದಾದ ಪ್ರಶ್ನೆಗಳು. ಆದರೆ ಹೆಸರುಗಳ ಪಟ್ಟಿಯಿಂದ ಇವುಗಳಿಗೆ ಉತ್ತರ ಸಿಗುವುದಿಲ್ಲ. ‘ಕಡಿಮೆಯಾಗಿದೆ’ ಎನ್ನಬೇಕಾದರೆ ಹಿಂದೆ ಎಷ್ಟಿತ್ತು, ಹೇಗೆ ಅಳೆದದ್ದು ಎಂಬ ದಾಖಲೆ ಬೇಕು. ಕೊಣಾಜೆಯ ತೊರೆಗೆ 1980ರ ದಶಕದಿಂದ ಅಂಥ ದಾಖಲೆ ಇರುವುದು ನಮ್ಮ ಭಾಗ್ಯ. ಉಳಿದ ಸಾವಿರಾರು ತೋಡುಗಳಿಗೆ ಅದು ಇಲ್ಲ. ಒಂದೊಂದು ಕಾಲೇಜು ತನ್ನ ಹತ್ತಿರದ ಒಂದು ತೋಡನ್ನು ಆಯ್ದುಕೊಂಡು, ಪ್ರತಿ ಮಳೆಗಾಲವೂ ಅದೇ ಜಾಗದಲ್ಲಿ, ಅದೇ ಕ್ರಮದಲ್ಲಿ ಎಣಿಸಿ ಬರೆದಿಟ್ಟರೆ ಹತ್ತು ವರ್ಷಗಳಲ್ಲಿ ಜಿಲ್ಲೆಯ ಸೂಕ್ಷ್ಮಜೀವಿಗಳ ಇತಿಹಾಸವೊಂದು ತಯಾರಾಗುತ್ತದೆ. ಅದನ್ನು ಬರೆದವರು ವಿದ್ಯಾರ್ಥಿಗಳೇ ಆಗಿರುತ್ತಾರೆ.

ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ಒಂದು ಕೋರಿಕೆ. ‘ಟಿಪ್ಪಣಿ ಬರೆಯಿರಿ’ ಎಂಬುದರ ಬದಲು ಎರಡು ತೋಡುಗಳ ಎಣಿಕೆಯ ಕೋಷ್ಟಕ ಕೊಟ್ಟು, ‘ಯಾವುದರಲ್ಲಿ ವೈವಿಧ್ಯ ಹೆಚ್ಚು? ನಿಮ್ಮ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದು?’ ಎಂದು ಕೇಳಿ. ಪ್ರಶ್ನೆ ಬದಲಾದರೆ ಪಾಠ ತಾನಾಗಿ ಬದಲಾಗುತ್ತದೆ. ಅಧ್ಯಾಪಕರಲ್ಲಿ ಇನ್ನೊಂದು ಕೋರಿಕೆ: ಮುಂದಿನ ಮಳೆಗಾಲದಲ್ಲಿ ತೋಡಿನಲ್ಲಿ ನೊರೆ ಕಟ್ಟಿದ ದಿನ, ಒಂದು ಪಾಠವನ್ನು ಬಿಟ್ಟಾದರೂ ಸರಿ, ವಿದ್ಯಾರ್ಥಿಗಳ ಕೈಗೆ ಒಂದೊಂದು ಬಾಟಲಿ ಕೊಡಿ.